ಹಸಿರು ಬೊಟ್ಟು

ಆ ವರ್ಕ್‌ಶಾಪಿನಿಂದ ಕೆಂಪು ಬೊಟ್ಟಿಲ್ಲದೆ ಒಂದು ಕಾರೂ ಹೊರಗೆ ಹೋಗುತ್ತಿರಲಿಲ್ಲ. ಇಂಜಿನ್ನಿನ ಕೆಲಸವೆಲ್ಲ ಮುಗಿದ ಮೇಲೆ ಮೇಸ್ತ್ರಿ ಕಾರ್ಬ್ಯುರೇಟರಿನ ಮುಂದೆ ಬಗ್ಗುತ್ತಿದ್ದರು. ಕಣ್ಣು ಮುಚ್ಚಿ, ಎಡಗಿವಿಯನ್ನು ಇಂಜಿನ್ನಿನ ಕಡೆ ಕೊಟ್ಟು, ಗಾಳಿಗೂ ಪೆಟ್ರೋಲಿಗೂ ಹದ ಹಿಡಿಯುವ ಆ ಪುಟ್ಟ ಸ್ಕ್ರೂವನ್ನು ಅತ್ತ ಒಂದು ಎಳೆ, ಇತ್ತ ಒಂದು ಎಳೆ ತಿರುಗಿಸುತ್ತಿದ್ದರು. ಸದ್ದು ನಿದ್ದೆ ಹತ್ತಿದ ಕೂಸಿನ ಉಸಿರಿನ ಹಾಗೆ ಒಂದೇ ಸಮನಾದಾಗ ಕೈ ತೆಗೆದು, ಬೆಂಕಿಕಡ್ಡಿಯ ತುದಿಯನ್ನು ಕೆಂಪು ಬಣ್ಣದ ಡಬ್ಬಿಗೆ ಅದ್ದಿ, ಸ್ಕ್ರೂವಿನ ತಲೆಗೆ ಒಂದು ಬೊಟ್ಟು ಇಟ್ಟು ಬಾನೆಟ್ ಮುಚ್ಚುತ್ತಿದ್ದರು. ಇದು ನನ್ನ ಕೈ, ಇನ್ನೊಬ್ಬರು ಮುಟ್ಟಬಾರದು ಎಂದು ಅದರ ಅರ್ಥ. ಬೊಟ್ಟು ಬಿರುಕು ಬಿಟ್ಟ ಕಾರು ವಾಪಸ್ ಬಂದರೆ ಮೇಸ್ತ್ರಿ ಒಂದು ಮಾತೂ ಕೇಳುತ್ತಿರಲಿಲ್ಲ. "ಯಾರು ಬಿಚ್ಚಿದ್ರೋ ಅವರ ಹತ್ರಾನೇ ಹೋಗಿ" ಅಂತ ಕೈ ತೋರಿಸಿ ಕಳಿಸಿಬಿಡುತ್ತಿದ್ದರು.

ಮೇಸ್ತ್ರಿಯ ಸೊಸೆ ಆ ವರ್ಕ್‌ಶಾಪಿಗೆ ಮೊದಲು ಬಂದದ್ದು ಊಟದ ಡಬ್ಬಿ ಹಿಡಿದುಕೊಂಡು. ಒಂದು ದಿನ ಗಂಡ ಕಾರಿನಡಿ ಮಲಗಿದ್ದಾಗ ಟಾರ್ಚ್ ಹಿಡಿಯಲು ನಿಂತಳು. ನಿಂತವಳು ಹನ್ನೊಂದು ವರ್ಷವಾದರೂ ಹೊರಡಲಿಲ್ಲ. ಬೆಳಗಿನ ಅಡಿಗೆ ಮುಗಿಸಿ, ಮಗಳನ್ನು ಶಾಲೆಗೆ ಬಿಟ್ಟು ಬಂದರೆ ಮಧ್ಯಾಹ್ನದ ತನಕ ಕಾರ್ಬ್ಯುರೇಟರಿನ ಮೇಜು ಅವಳದೇ. ಬಿಚ್ಚುವುದು, ತೊಳೆಯುವುದು, ಸವೆದದ್ದನ್ನು ಬದಲಿಸುವುದು, ಜೋಡಿಸುವುದು ಎಲ್ಲ ಅವಳು. ಕೊನೆಯ ಸುತ್ತು ಮಾತ್ರ ಮಾವನದು, ಬೊಟ್ಟೂ ಮಾವನದು. "ಒಂಬತ್ತು ತಿಂಗಳು ಹೊತ್ತೋಳು ನೀನು, ಹೆಸರಿಡೋರು ಅವರು" ಎಂದು ಪಕ್ಕದ ಶೆಡ್ಡಿನ ಪಂಕ್ಚರಿನವನು ನಗೆಯಾಡುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಒಂದು ಸಲವಾದರೂ, ಒಂದೇ ಒಂದು ಕಾರಿನ ಮೇಲೆ ತನ್ನ ಬೊಟ್ಟು ಇರಬೇಕು ಎಂಬ ಆಸೆ ನಗುವಿನ ಹಿಂದೆ ಬೆಚ್ಚಗೆ ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಒಬ್ಬನಿಗೆ ಹೇಳಿದ್ದಳು.

ಆ ವರ್ಷ ಬಂಕುಗಳಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲ್ ಬಂತು. ಹೊಸ ಕಾರುಗಳು ತಮ್ಮಷ್ಟಕ್ಕೆ ತಾವೇ ಹೊಂದಿಕೊಂಡವು. ಮೇಸ್ತ್ರಿಯ ಹತ್ತಿರ ಬರುತ್ತಿದ್ದ ಹಳೆಯ ಕಾರುಗಳು ಮಾತ್ರ ಬೆಳಗ್ಗೆ ಎದ್ದೇಳಲು ಹಟ ಮಾಡಿದವು, ಏರಿನಲ್ಲಿ ಮುಗ್ಗರಿಸಿದವು, ಬೇಗ ಕಾದವು. ಮೇಸ್ತ್ರಿ ಸ್ಕ್ರೂ ತಿರುಗಿಸಿ ಬೊಟ್ಟಿಟ್ಟು ಕಳಿಸಿದ ಗಾಡಿ ವಾರಕ್ಕೇ ಮತ್ತೆ ಬಾಗಿಲಲ್ಲಿ ನಿಲ್ಲುತ್ತಿತ್ತು.

"ಮಾವ, ಪೆಟ್ರೋಲ್ ಬದಲಾಗಿದೆ" ಎಂದಳು ಸೊಸೆ.

"ಪೆಟ್ರೋಲ್ ಬದಲಾಗಿಲ್ಲಮ್ಮ. ಓಡಿಸೋರ ಕಾಲು ಬದಲಾಗಿದೆ."

ಅವಳು ವಾದಕ್ಕೆ ನಿಲ್ಲಲಿಲ್ಲ. ಮಗಳು ಕುಡಿದು ಬಿಟ್ಟಿದ್ದ ಗಾಜಿನ ಹಾಲಿನ ಬಾಟಲಿಯನ್ನು ಮನೆಯಿಂದ ತಂದಳು. ಹತ್ತರ ಗೆರೆಯ ತನಕ ನೀರು ಹಾಕಿದಳು, ಅದರ ಮೇಲೆ ನೂರು ಗೆರೆ ಪೆಟ್ರೋಲ್ ಹಾಕಿದಳು, ಮುಚ್ಚಳ ಬಿಗಿದು ಕುಲುಕಿ ಮೇಜಿನ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಎರಡೂ ಬೇರೆಯಾದವು. ತಳದ ನೀರು ಹತ್ತರ ಗೆರೆಯಲ್ಲಿರಲಿಲ್ಲ, ಮೂವತ್ತಕ್ಕೆ ಏರಿತ್ತು.

"ಆ ಇಪ್ಪತ್ತು ಪಾಲು ಎಥನಾಲ್, ಮಾವ. ಪೆಟ್ರೋಲ್ ಬಿಟ್ಟು ನೀರಿಗೆ ಸೇರ್ಕೊಂಡಿದೆ. ಅದರೊಳಗೇ ಒಂದಿಷ್ಟು ಗಾಳಿ ಇರುತ್ತೆ. ನಾವು ಹಳೇ ಅಳತೇಲಿ ಗಾಳಿ ಕೊಟ್ರೆ ಜಾಸ್ತಿಯಾಗುತ್ತೆ, ಇಂಜಿನ್ ಒಣಗಿ ಉರಿಯುತ್ತೆ. ಮೊದಲು ಹದಿನಾಲ್ಕು ಮುಕ್ಕಾಲು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸಾಕಿತ್ತು. ಈಗ ಹದಿಮೂರೂವರೆಗೇ ಒಂದು ಪಾಲು ಬೇಕು. ಹಿಟ್ಟು ಬೇರೆಯಾದ್ರೆ ನೀರೂ ಬೇರೆ ಹಾಕ್ಬೇಕಲ್ಲ, ಹಾಗೆ."

ಮೇಸ್ತ್ರಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಮಗು ಬಾಟ್ಲೀಲಿ ಪೆಟ್ರೋಲ್ ಹಾಕ್ಬಾರ್ದು" ಎಂದು ಕೆಳಗಿಟ್ಟರು.

ಗಂಡ ಮಾತ್ರ ಅವಳ ಮಾತು ಕೇಳಿಸಿಕೊಂಡಿದ್ದ. ಎಲ್ಲೋ ಮುಚ್ಚಿಹೋಗುತ್ತಿದ್ದ ವರ್ಕ್‌ಶಾಪಿನಿಂದ ಅವಳಿಗೆ ಒಂದು ಮೀಟರ್ ತಂದುಕೊಟ್ಟ. ಅದರ ಉದ್ದನೆಯ ಕಡ್ಡಿಯನ್ನು ಸೈಲೆನ್ಸರಿನ ಬಾಯಿಗೆ ತೂರಿಸಿದರೆ ಒಳಗೆ ಸುಟ್ಟದ್ದು ಹದವಾಗಿ ಸುಟ್ಟಿದೆಯೋ ಇಲ್ಲವೋ ಎಂದು ಮುಳ್ಳು ಹೇಳುತ್ತಿತ್ತು. ಯಾವ ಪೆಟ್ರೋಲಾದರೂ ಸರಿ, ಮುಳ್ಳು ಒಂದರ ಗೆರೆಯ ಮೇಲೆ ನಿಂತರೆ ಗಾಳಿಯೂ ಮಿಕ್ಕಿಲ್ಲ, ಪೆಟ್ರೋಲೂ ಮಿಕ್ಕಿಲ್ಲ ಎಂದು ಲೆಕ್ಕ. ಪಂಕ್ಚರಿನವನು ಅಂದಿನಿಂದ ಅವಳನ್ನು ಮೀಟರಮ್ಮ ಎಂದೇ ಕರೆದ. "ಮೀಟರಮ್ಮ, ನನ್ನ ಹೆಂಡ್ತಿ ಬಾಯಿಗೂ ಒಂದ್ಸಲ ಆ ಕಡ್ಡಿ ಇಟ್ಟು ನೋಡಿ. ಗಾಳಿ ಎಷ್ಟು, ಬೆಂಕಿ ಎಷ್ಟು ಗೊತ್ತಾಗ್ಲಿ."

ಹೀಗಿರುವಾಗ ನರ್ಸಮ್ಮನ ಕಾರು ಬಂತು. ಆಕೆ ಗುಡ್ಡದ ಮೇಲಿನ ಮನೆಗಳಿಗೆ ಹೆರಿಗೆ ಮಾಡಿಸಲು ಹೋಗುವವರು. ಮೇಸ್ತ್ರಿ ಆ ಕಾರಿಗೆ ಮೂರು ಸಲ ಹದ ಹಿಡಿದಿದ್ದರು. ಮೂರು ಸಲವೂ ಅದು ಏರಿನಲ್ಲಿ ಕೆಮ್ಮಿ ನಿಂತಿತ್ತು.

"ಮೇಸ್ತ್ರಿ, ಬೇಜಾರ್ ಮಾಡ್ಕೋಬೇಡಿ. ಈ ಸಲ ನಿಮ್ಮ ಸೊಸೆ ನೋಡ್ಲಿ. ನಾನು ತಡವಾದ್ರೆ ಕೂಸು ಕಾಯಲ್ಲ" ಎಂದರು ನರ್ಸಮ್ಮ.

ಮೇಸ್ತ್ರಿ ಕೈಯಲ್ಲಿದ್ದ ಸ್ಪಾನರನ್ನು ಬಟ್ಟೆಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಗಂಡ ಚಕ್ರ ಬಿಚ್ಚುವುದನ್ನು ನಿಲ್ಲಿಸಿ ತಲೆ ಎತ್ತಿದ. ಪಂಕ್ಚರಿನವನು ಟ್ಯೂಬನ್ನು ನೀರಲ್ಲಿ ಅದ್ದಿದವನು ಹಾಗೆಯೇ ಹಿಡಿದು ಕೂತ.

"ನೋಡ್ಲಿ. ಅದಕ್ಕೇನಂತೆ?" ಎಂದರು ಮೇಸ್ತ್ರಿ. ಆಮೇಲೆ ಸೊಸೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಪೂರ್ತಿ ನೀನೇ ಮಾಡು. ಬೊಟ್ಟೂ ನೀನೇ ಇಡು. ಗಾಡಿ ಗುಡ್ಡ ಹತ್ತಿದ್ರೆ ಇನ್ಮೇಲೆ ಕಾರ್ಬ್ಯುರೇಟರಿನ ಕೆಲಸ ಎಲ್ಲ ನಿನ್ನ ಬೊಟ್ಟಿಗೇ. ಹತ್ತಲಿಲ್ಲಾಂದ್ರೆ ಆ ಮೀಟರು, ಬಾಟ್ಲಿ ಎಲ್ಲ ಎತ್ತಿ ಮನೇಲಿಡು."

"ಆಗ್ಲಿ ಮಾವ" ಎಂದಳು.

ಎರಡು ದಿನ ಕೂತು ಮಾಡಿದಳು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣ ಬಳಿದ ಹಾಗೆ ಬಿಳಿ, ಒಣ ಉರಿಯ ಗುರುತು. ಪೆಟ್ರೋಲ್ ಹಾಯುವ ಹಿತ್ತಾಳೆಯ ಪುಟ್ಟ ತೂತಿನ ತುಣುಕಿಗೆ ಜೆಟ್ ಎನ್ನುತ್ತಾರೆ. ಅದೇ ಅಳತೆಯ, ನೂರಿಪ್ಪತ್ತು ಎಂದು ಅಚ್ಚೊತ್ತಿದ್ದ ಇನ್ನೊಂದು ಜೆಟ್ ತೆಗೆದುಕೊಂಡು, ಕೂದಲಿನಂಥ ರೀಮರಿನಿಂದ ಅದರ ತೂತನ್ನು ನೂರಿಪ್ಪತ್ತೈದಕ್ಕೆ ಹಿಗ್ಗಿಸಿದಳು. ತನ್ನದೆಂದು ಗುರುತಿಗೆ ಅದರ ತಲೆಯ ಮೇಲೆ ಅರದಿಂದ ಒಂದು ಗೀರು ಎಳೆದು ಕೂರಿಸಿದಳು. ಹಳೆಯ ಜೆಟ್ ಮೇಜಿನ ಮೇಲಿನ ತಟ್ಟೆಗೆ ಹೋಯಿತು. ಪ್ಲಗ್ಗಿನ ಕಿಡಿ ಹಾರುವ ಹೊತ್ತನ್ನೂ ತುಸು ಮುಂದಕ್ಕೆ ತಂದಳು. ಹೊಸ ಪೆಟ್ರೋಲ್ ಅದನ್ನು ತಡೆದುಕೊಳ್ಳುತ್ತದೆ, ಏರಿನಲ್ಲಿ ಬಲ ಬರುತ್ತದೆ. ಹದ ಸರಿಯಿದ್ದರೆ ಮಾತ್ರ. ಹದ ಒಣಗಿದ್ದರೆ ಅದೇ ಕಿಡಿ ಇಂಜಿನ್ನನ್ನು ಒಳಗಿಂದಲೇ ಕರಗಿಸುತ್ತದೆ. ಕಿಡಿಯ ವಿಷಯ ಮಾವನಿಗೆ ಹೇಳಬೇಕು ಅಂದುಕೊಂಡಳು. ಆ ಹೊತ್ತಿಗೆ ಅವರು ಪಂಕ್ಚರಿನವನ ಜೊತೆ ಟೀ ಕುಡಿಯಲು ಹೋಗಿದ್ದರು. ಬಂದ ಮೇಲೆ ಅವಳು ಮರೆತಳು.

ಕೊನೆಗೆ ಸ್ಕ್ರೂ. ಎರಡೂವರೆ ಸುತ್ತು ಬಿಚ್ಚಿದಾಗ ಮುಳ್ಳು ಒಂದರ ಗೆರೆಯ ಮೇಲೆ ಬಂದು ನಿಂತಿತು. ಮದುವೆಗೆ ಹೋಗುವಾಗ ಯಾರೋ ಕೊಟ್ಟಿದ್ದ, ಒಂದು ಸಲವೂ ಉಗುರಿಗೆ ಹಚ್ಚಿಕೊಳ್ಳದ ಹಸಿರು ನೇಲ್ ಪಾಲಿಶನ್ನು ಮನೆಯಿಂದ ತಂದಿದ್ದಳು. ಅದರ ಕುಂಚದಿಂದ ಸ್ಕ್ರೂವಿನ ತಲೆಗೆ ತೆಳ್ಳಗೆ ಒಂದು ಬೊಟ್ಟು ಇಟ್ಟಳು. ಆರುವ ತನಕ ಬಾಯಿಂದ ಊದಿ, ಬಾಟಲಿಯನ್ನು ಕಪಾಟಿನಲ್ಲಿಟ್ಟಳು. ಗಂಡ ಹಿಂದೆ ಬಂದು ನಿಂತು, "ಭಾರೀ ಚೆನ್ನಾಗಿದೆ ಮಾರಾಯ್ತಿ, ದೃಷ್ಟಿ ತಾಗುತ್ತೆ" ಎಂದ. ಅವಳು ನಾಚಿದಳು. ನಾಚಿಕೆಗೆ ಕೈಯ ಗ್ರೀಸನ್ನು ಅವನ ತೋಳಿಗೇ ಒರೆಸಿದಳು.

ಮೇಸ್ತ್ರಿ ಸೈಲೆನ್ಸರಿನ ಹಿಂದೆ ನಿಂತು ಮೂಗರಳಿಸಿದರು. "ಹುಳಿ ವಾಸನೆ. ಪೆಟ್ರೋಲ್ ಜಾಸ್ತಿ ಕುಡೀತಿದೆ."

"ಅದು ಎಥನಾಲಿನ ವಾಸನೆ ಮಾವ. ಮೀಟರ್ ಸರಿ ತೋರಿಸ್ತಿದೆ ನೋಡಿ."

"ನಲವತ್ತು ವರ್ಷದ ಮೂಗಮ್ಮ ಇದು" ಎಂದರು ಮೇಸ್ತ್ರಿ. ಜೋರಾಗಿ ಹೇಳಲಿಲ್ಲ.

ಮಗಳ ಶಾಲೆ ಬಿಡುವ ಹೊತ್ತಾಗಿತ್ತು. ಅವಳು ಕೈ ತೊಳೆದು ಹೊರಟಳು. ಮಾರನೆ ಬೆಳಗ್ಗೆ ಅವಳು ಬರುವ ಮೊದಲೇ ನರ್ಸಮ್ಮ ಬಂದು ಕಾರು ತೆಗೆದುಕೊಂಡು ಹೋಗಿದ್ದರು.

ಮೂರು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಪಾತ್ರೆ ತೊಳೆಯುವಾಗ ಗುನುಗಿದಳು, ಮಗಳ ಜಡೆ ಹೆಣೆಯುವಾಗ ಗುನುಗಿದಳು. ಗಂಡ ಅವಳ ಮುಖ ನೋಡುವುದು ಕಡಿಮೆ ಮಾಡಿದ್ದ. ಕೆಲಸದ ದಣಿವೇನೋ ಎಂದುಕೊಂಡಳು.

ನಾಲ್ಕನೆಯ ದಿನ ಹಾಲಿನ ವ್ಯಾನು ಹಗ್ಗ ಕಟ್ಟಿ ಎಳೆದುಕೊಂಡು ಬಂತು ಆ ಕಾರನ್ನು.

ನರ್ಸಮ್ಮ ವ್ಯಾನಿನಿಂದ ಇಳಿದವರು ಬಾಗಿಲ ಹತ್ತಿರವೇ ನಿಂತರು. "ಅರ್ಧ ಗುಡ್ಡದಲ್ಲಿ ಟಪ್ ಅಂತು. ಹೊಗೆ. ನಡ್ಕೊಂಡು ಹೋದೆ. ಹೋಗೋ ಹೊತ್ತಿಗೆ ಕೂಸು ಹುಟ್ಟಿ ಅತ್ತು ಮಲಗಿತ್ತು. ಪಕ್ಕದ ಮನೆಯೋಳು ಅಡಿಗೆಮನೆ ಕತ್ತರಿ ಕುದಿಸಿ ಹೊಕ್ಕುಳಬಳ್ಳಿ ಕತ್ತರಿಸಿದ್ದಾಳೆ. ದೇವರು ದೊಡ್ಡವನು, ಇಬ್ಬರೂ ಚೆನ್ನಾಗಿದ್ದಾರೆ." ಒಂದು ಉಸಿರು ಬಿಟ್ಟು ಸೊಸೆಯ ಕಡೆ ನೋಡಿದರು. "ನಿನ್ನ ನಂಬಿದ್ದೆ ಕಣಮ್ಮ."

ಗಂಡ ಇಂಜಿನ್ನಿನ ತಲೆ ಬಿಚ್ಚಿದ. ಮೂರನೆಯ ಪಿಸ್ಟನ್ನಿನ ನಡುವೆ ಕಿರುಬೆರಳು ತೂರುವಷ್ಟು ತೂತು, ಸುತ್ತ ಕರಗಿ ಹೆಪ್ಪುಗಟ್ಟಿದ ಅಂಚು. ಒಣ ಉರಿ. ಹೀಗಾಗಬಾರದು ಎಂದೇ ಅಲ್ಲವೇ ಅವಳು ಎರಡು ದಿನ ಕೂತದ್ದು?

"ಬೊಟ್ಟು ಯಾರದು, ನೋಡಿ" ಎಂದರು ಮೇಸ್ತ್ರಿ ನರ್ಸಮ್ಮನಿಗೆ. "ನನ್ನ ಕೈ ಗಾಡಿ ಕೆಮ್ಮಿರಬಹುದು. ಸುಟ್ಟು ಬಂದಿಲ್ಲ."

ಅವಳು ಕಾರ್ಬ್ಯುರೇಟರಿನ ಮೇಲೆ ಬಗ್ಗಿದಳು. ಬೊಟ್ಟು ಹಸಿರೇ. ಆದರೆ ದಪ್ಪ. ಕುಂಚದಿಂದ ತೆಳ್ಳಗೆ ಎಳೆದದ್ದಲ್ಲ, ಕಡ್ಡಿಯಿಂದ ತೊಟ್ಟಿಕ್ಕಿಸಿದ್ದು. ಸ್ಕ್ರೂಡ್ರೈವರ್ ಇಟ್ಟು ಒಳಕ್ಕೆ ತಿರುಗಿಸುತ್ತ ಎಣಿಸಿದಳು. ಒಂದೂವರೆ ಸುತ್ತಿಗೇ ತಳ ಮುಟ್ಟಿತು. ಅವಳು ಬಿಟ್ಟದ್ದು ಎರಡೂವರೆ. ಯಾರೋ ಒಂದು ಸುತ್ತು ಬಿಗಿದು ಪೆಟ್ರೋಲ್ ಕಡಿಮೆ ಮಾಡಿದ್ದರು. ಮುಚ್ಚಳ ಬಿಚ್ಚಿ ಜೆಟ್ ಹೊರತೆಗೆದಳು. ನೂರಿಪ್ಪತ್ತು. ತಲೆಯ ಮೇಲೆ ಗೀರಿಲ್ಲ. ತಟ್ಟೆಗೆ ಹಾಕಿದ್ದ ಅದೇ ಹಳೆಯ ಜೆಟ್.

ಅಂಗೈಯಲ್ಲಿ ಇಟ್ಟುಕೊಂಡು ಮಾವನ ಮುಂದೆ ಹಿಡಿದಳು. "ಇದನ್ನ ಯಾರು ಹಾಕಿದ್ದು, ಮಾವ?"

"ನೀನೇ. ಇನ್ಯಾರು?" ಮೇಸ್ತ್ರಿ ಅವಳ ಅಂಗೈಯನ್ನು ನೋಡಿದರು, ಮುಖ ನೋಡಲಿಲ್ಲ. "ಹೊಸದನ್ನ ಕೊರೆದು ಮೇಜಿನ ಮೇಲೆ ಬಿಟ್ಟು, ಹಳೇದನ್ನೇ ಹಾಕಿ ಮುಚ್ಚಿದ್ದೀಯ. ಮಗಳ ಶಾಲೆ, ಮನೆ ಕೆಲಸ, ನೂರೆಂಟು ಯೋಚನೆ ತಲೇಲಿ. ಆಗುತ್ತೆ."

"ಸ್ಕ್ರೂನೂ ತಿರುಗಿದೆ. ಬೊಟ್ಟು ನಾನು ಇಟ್ಟಿದ್ದಲ್ಲ."

"ಬಣ್ಣ ನಿಂದು ತಾನೇ?"

ಅವಳು ಗಂಡನ ಕಡೆ ತಿರುಗಿದಳು. ಅವಳು ಬೊಟ್ಟಿಟ್ಟ ಆ ರಾತ್ರಿ ವರ್ಕ್‌ಶಾಪ್ ಮುಚ್ಚಿದವನು ಅವನು. ಹೇಳಲು ಅವನಿಗೆ ಒಂದು ಮಾತಿದ್ದರೆ ಈಗಲೇ ಹೇಳಬೇಕಿತ್ತು. ಅವನು ಚಕ್ರದ ನಟ್ಟುಗಳನ್ನು ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕುತ್ತಿದ್ದ. ಐದು ನಟ್ಟು. ಐದನ್ನೂ ಹಾಕಿ, ಬಟ್ಟಲನ್ನು ಅಲ್ಲಾಡಿಸಿ, ಮತ್ತೆ ಒಳಗೆ ನೋಡಿದ.

ಪಂಕ್ಚರಿನವನು ಕೂಡ ಮೀಟರಮ್ಮ ಅನ್ನಲಿಲ್ಲ ಆ ದಿನ.

ಮನೆಗೆ ಬಂದು ಅವಳು ಒಲೆ ಹಚ್ಚಿದಳು. ಮಾವನಿಗೆ ಟೀ ಮಾಡಿ ಕೊಟ್ಟಳು, ಅವರು ಲೋಟ ಹಿಡಿದಾಗ ಎಂದಿನಂತೆ ಕೈ ನಡುಗಿತು. ಅವಳೇ ಕೆಳಗಿನಿಂದ ಲೋಟಕ್ಕೆ ಆಸರೆ ಕೊಟ್ಟಳು, ಅಭ್ಯಾಸ. ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಾಗ ಗಂಡ ಹಿಂದೆ ಬಂದ.

"ನಾನು ನೋಡ್ದೆ" ಎಂದ.

ಅವಳು ಅಂಗಿಯ ಕಾಲರಿಗೆ ಸೋಪು ಉಜ್ಜುತ್ತಿದ್ದಳು. ನಿಲ್ಲಿಸಲಿಲ್ಲ.

"ನೀನು ಹೋದ ಮೇಲೆ ಅಪ್ಪ ಬಾನೆಟ್ ತೆಗೆದ್ರು. ಗಾಡಿ ಪೆಟ್ರೋಲ್ ಕುಡೀತಿದೆ, ಅವಳ ಹೆಸರು ಕೆಡುತ್ತೆ, ಸರಿ ಮಾಡ್ತೀನಿ ಅಂದ್ರು. ನಿಂಗೆ ಒಳ್ಳೇದಾಗ್ಲಿ ಅಂತಲೇ. ಕಿಡಿ ನೀನು ಮುಂದಕ್ಕೆ ತಂದಿದ್ದು ಅವರಿಗೆ ಗೊತ್ತಿರಲಿಲ್ಲ. ನಂಗೂ ಗೊತ್ತಿರಲಿಲ್ಲ. ನೀನಾದ್ರೂ ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು" ಎಂದಳು ಅವಳು. ಅದು ನಿಜ. ಆ ತಪ್ಪು ತನ್ನದೇ, ಬೇರೆ ಯಾರಿಗೂ ಹೊರಿಸುವಂತಿರಲಿಲ್ಲ.

"ಬೊಟ್ಟು ಇಡುವಾಗ ಕೈ ಎಷ್ಟು ನಡುಗ್ತಿತ್ತು ಗೊತ್ತಾ? ಮೂರು ಸಲ ಕಡ್ಡಿ ಬಿತ್ತು. ನಾನೇ ಎತ್ತಿಕೊಟ್ಟೆ."

ಸೋಪು ಅವಳ ಕೈಯಿಂದ ಜಾರಿ ಬಕೆಟ್ಟಿಗೆ ಬಿತ್ತು. "ಎತ್ತಿಕೊಟ್ರಾ?"

"ಹೇಳ್ಬೇಡ ಅಂದ್ರು. ಅಪ್ಪ ಅಲ್ವೇನೇ. ಅಷ್ಟು ಜನದ ಮುಂದೆ ಅವರನ್ನ ಸುಳ್ಳುಗಾರ ಅಂತ ಹೇಗೆ ಅನ್ಲಿ? ನೀನಾದ್ರೆ ಸಹಿಸ್ಕೋತೀಯ."

"ಹೂಂ" ಎಂದಳು. ಬಕೆಟ್ಟಿನ ತಳದಲ್ಲಿ ಸೋಪನ್ನು ತಡಕಿದಳು. ಸಿಕ್ಕಿತು. ಉಳಿದ ಬಟ್ಟೆ ಒಗೆದು, ಹಿಂಡಿ, ಒಣಹಾಕಿದಳು. ಅವನ ಅಂಗಿಯನ್ನೂ.

ಮಾರನೆಯ ದಿನ ವಾಶರ್ ಹುಡುಕುತ್ತ ಮಾವನ ಮರದ ಪೆಟ್ಟಿಗೆ ತೆಗೆದಾಗ ಕೆಂಪು ಡಬ್ಬಿಯ ಪಕ್ಕದಲ್ಲೇ ಅವಳ ಜೆಟ್ ಬಿದ್ದಿತ್ತು, ತಲೆಯ ಮೇಲೆ ಗೀರಿನ ಸಮೇತ. ಅವಳು ಕೂಗಲಿಲ್ಲ. ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಈ ತುಣುಕು ತೋರಿಸಿದರೆ, ಮೇಜಿನ ಮೇಲೆ ಬಿಟ್ಟಿದ್ದು ನೀನು, ಎತ್ತಿಟ್ಟಿದ್ದು ನಾನು ಎನ್ನುತ್ತಾರೆ ಮಾವ. ಕಂಡವನು ಒಬ್ಬನೇ, ಅವನು ನಟ್ಟು ಎಣಿಸುತ್ತಾನೆ.

ಇಂಜಿನ್ ಮತ್ತೆ ಕಟ್ಟಲು ಹನ್ನೊಂದು ದಿನ ಹಿಡಿಯಿತು. ಹದ ಹಿಡಿಯುವ ದಿನ ನರ್ಸಮ್ಮ ಖುದ್ದಾಗಿ ಬಂದು ಸ್ಟೂಲಿನ ಮೇಲೆ ಕೂತರು. ಮೇಸ್ತ್ರಿ ಕಣ್ಣು ಮುಚ್ಚಿ ಕಿವಿ ಕೊಟ್ಟರು. ಸ್ಕ್ರೂ ಒಳಕ್ಕೆ, ಹೊರಕ್ಕೆ, ಮತ್ತೆ ಒಳಕ್ಕೆ. ಇಂಜಿನ್ ಒಮ್ಮೆ ಏದುಸಿರು ಬಿಟ್ಟಿತು, ಒಮ್ಮೆ ನಿಂತೇ ಹೋಯಿತು. ಅವರ ಹಣೆಯ ಬೆವರು ಮೂಗಿನ ತುದಿಗೆ ಬಂದು ಕಾರ್ಬ್ಯುರೇಟರಿನ ಮೇಲೆ ಬಿತ್ತು. ಅರ್ಧ ಗಂಟೆಯ ಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಯಾರ ಕಡೆಗೂ ನೋಡದೆ, "ಆ ಮೀಟರ್ ತಾ" ಎಂದರು.

ಅವಳು ಮೀಟರ್ ತಂದಳು. ಜೇಬಿನಿಂದ ಜೆಟ್ ತೆಗೆದು ಅವರ ಕಣ್ಣೆದುರಿಗೇ ಕಾರ್ಬ್ಯುರೇಟರಿಗೆ ಹಾಕಿದಳು. ಗೀರು ಅವರಿಗೆ ಕಂಡಿತು. ಕಂಡದ್ದು ಅವಳಿಗೂ ತಿಳಿಯಿತು. "ಕಿಡಿ ಮುಂದಕ್ಕೆ ತಂದಿದ್ದೀನಿ, ಮಾವ" ಎಂದು ಈ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಎರಡೂವರೆ ಸುತ್ತು. ಮುಳ್ಳು ಒಂದರ ಮೇಲೆ ನಿಂತಿತು. ಇಂಜಿನ್ ನಿದ್ದೆ ಹೋದ ಕೂಸಿನ ಹಾಗಾಯಿತು.

ಅವಳ ಕೈ ಹಸಿರು ಬಾಟಲಿಯ ಕಡೆ ಹೋಗುವಷ್ಟರಲ್ಲಿ ನರ್ಸಮ್ಮ ಸ್ಟೂಲಿನಿಂದ ಎದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಬೇಜಾರ್ ಮಾಡ್ಕೋಬೇಡಮ್ಮ. ಈ ಸಲ ಮೇಸ್ತ್ರಿ ಬೊಟ್ಟೇ ಇರ್ಲಿ. ಗುಡ್ಡ ಹತ್ತುವಾಗ ನಂಗೆ ಧೈರ್ಯ ಬೇಕು."

ಮೇಸ್ತ್ರಿ ಕೆಂಪು ಡಬ್ಬಿಯ ಮುಚ್ಚಳ ತೆಗೆದರು. ಬೆಂಕಿಕಡ್ಡಿ ಅದ್ದಿದರು. ಕಡ್ಡಿಯ ತುದಿ ಸ್ಕ್ರೂವಿನ ಸುತ್ತ ಗಾಳಿಯಲ್ಲಿ ಅಲುಗಾಡಿತು, ತಲೆಯ ಮೇಲೆ ಕೂರಲೊಲ್ಲದು. ಅವಳು ಅವರ ಕೈಯಿಂದ ಕಡ್ಡಿ ತೆಗೆದುಕೊಂಡು, ಬಗ್ಗಿ, ತಾನೇ ಕೆಂಪು ಬೊಟ್ಟು ಇಟ್ಟಳು.

ಕಾರು ಗುಡ್ಡ ಹತ್ತಿತು. ಆ ವಾರವೂ, ಮುಂದಿನ ವಾರವೂ. ಮೇಸ್ತ್ರಿಯ ಕೈಗುಣ ಇನ್ನೂ ಹೋಗಿಲ್ಲ ಎಂದು ನರ್ಸಮ್ಮ ಹೋದಲ್ಲೆಲ್ಲ ಹೇಳಿದರು. ಹಳೆಯ ಕಾರುಗಳು ಒಂದರ ಹಿಂದೆ ಒಂದು ಬಂದವು. ಅವಳು ಕೊರೆದಳು, ಅಳೆದಳು, ತಿರುಗಿಸಿದಳು, ಕೆಂಪು ಬೊಟ್ಟಿಟ್ಟಳು. ಮೇಸ್ತ್ರಿ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಹೊಗಳಿಕೆಗೆ ತಲೆಯಾಡಿಸಿದರು. ಅವಳು ಹತ್ತಿರ ಹೋದಾಗ ಮಾತ್ರ ತಲೆಯಾಡಿಸುವುದು ನಿಲ್ಲುತ್ತಿತ್ತು.

ಒಂದು ಭಾನುವಾರ ಗಂಡ ತನ್ನ ಬೈಕನ್ನು ಮೇಜಿನ ಪಕ್ಕಕ್ಕೆ ತಂದು ನಿಲ್ಲಿಸಿದ. ಹಳೆಯ ಬೈಕು, ಅದೂ ಬೆಳಗ್ಗೆ ಹಟ ಮಾಡುತ್ತಿತ್ತು. ವರ್ಕ್‌ಶಾಪಿನಲ್ಲಿ ಅವರಿಬ್ಬರೇ. ಅವಳು ಒಂದು ಗಂಟೆ ಕೂತಳು, ಬೇರೆ ಯಾರ ಗಾಡಿಗೂ ಕಡಿಮೆಯಿಲ್ಲದ ಹಾಗೆ ಮಾಡಿದಳು. ಮುಳ್ಳು ಗೆರೆಯ ಮೇಲೆ ನಿಂತಿತು.

ಅವನು ಕಪಾಟಿನಿಂದ ಹಸಿರು ಬಾಟಲಿ ತಂದು ಅವಳ ಮುಂದೆ ಹಿಡಿದ. "ನಮ್ಮದಕ್ಕಾದ್ರೂ ನಿನ್ನ ಬೊಟ್ಟು ಇಡೇ."

"ಯಾಕೆ ರೀ?"

"ಯಾರೂ ಮುಟ್ಟಬಾರದು ಅಂತ."

"ಮುಟ್ಟಿದ್ರೆ?"

ಅವಳು ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಿ ನೋಡಿದಳು. ಒಣಗಿರಲಿಲ್ಲ, ಒಳಗೆ ಇನ್ನೂ ಹಸಿಯಾಗಿಯೇ ಇತ್ತು. ಮತ್ತೆ ಬಿಗಿಯಾಗಿ ಮುಚ್ಚಿ ಅವನ ಅಂಗಿಯ ಜೇಬಿಗೆ ಹಾಕಿದಳು.

"ನೀವೇ ಇಟ್ಕೊಳ್ಳಿ. ಯಾರಿಗಾದ್ರೂ ಎತ್ತಿಕೊಡೋಕೆ ಬೇಕಾಗುತ್ತೆ."

ಮಗಳಿಗೆ ಸ್ನಾನ ಮಾಡಿಸಬೇಕಿತ್ತು. ಅವಳು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಉಗುರಿನ ಸಂದಿಯ ಕಪ್ಪನ್ನು ಬಟ್ಟೆಯ ತುದಿಯಿಂದ ತೆಗೆಯುತ್ತ ಮನೆಯ ಕಡೆ ನಡೆದಳು. ಅವನು ಬೈಕಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೊಟ್ಟಿಲ್ಲದ ಹಿತ್ತಾಳೆಯ ಸ್ಕ್ರೂವನ್ನು ನೋಡುತ್ತಲೇ ಇದ್ದ.